ಆರಾಧನೆಯ ಕ್ರಮಗಳೂ ಸಭೆಯಾಗಿ ಕೂಡಿಬರುವದೂ

ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 2:41-47, 1 ಕೊರಿಂಥ 14:26-40, ಇಬ್ರಿಯ 10:19-25.



ನಮ್ಮ ಹಳ್ಳಿಯ ಸಭೆಗಳಲ್ಲಿ ಈಗ ಆಗಾಗ ಕಾಣಬರುವ ಒಂದು ಸಂಗತಿಯಿಂದ ಈ ಪಾಠವನ್ನು ಪ್ರಾರಂಭಿಸುವೆವು. ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದಾರೆಂದು ಇಟ್ಟುಕೊಳ್ಳಿರಿ. ಅಣ್ಣನು ಊರಲ್ಲೇ ಇದ್ದು ಹೊಲವನ್ನು ನೋಡಿಕೊಳ್ಳುತ್ತಾ, ತಂದೆಯು ಕೂತುಕೊಳ್ಳುತ್ತಿದ್ದ ಸ್ಥಳದಲ್ಲೇ ಪ್ರತಿ ಆದಿತ್ಯವಾರ ಕೂತುಕೊಂಡು, ಪ್ರಾರ್ಥನಾ ಪುಸ್ತಕದ ಕ್ರಮದಂತೆ ದೇವರನ್ನು ಆರಾಧಿಸುವವನು. ತಮ್ಮನು ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ, ಚಪ್ಪಾಳೆ ತಟ್ಟಿ ಹಾಡುವ, ಎಲ್ಲರೂ ಒಮ್ಮೆಗೇ ಸ್ವರವೆತ್ತಿ ಪ್ರಾರ್ಥಿಸುವ ಒಂದು ಕೂಟದಲ್ಲಿ ಸೇರಿಕೊಂಡವನು. ಸುಗ್ಗಿಹಬ್ಬಕ್ಕೆ ತಮ್ಮನು ಊರಿಗೆ ಬಂದನು. ಆದಿತ್ಯವಾರ ಬೆಳಿಗ್ಗೆ ದೇವಾಲಯದ ಗಂಟೆ ಬಾರಿಸಿದಾಗ ಅವನು ಜಗಲಿಯಿಂದ ಏಳಲಿಲ್ಲ.

"ಅಣ್ಣಾ, ನಿಮ್ಮ ಆರಾಧನೆಯಲ್ಲಿ ಜೀವವಿಲ್ಲ, ಬರೆದದ್ದನ್ನು ಓದುತ್ತೀರಿ, ಅಷ್ಟೇ. ನಾನು ಬರುವದಿಲ್ಲ" ಅಂದನು.

"ತಮ್ಮಾ, ನಿಮ್ಮದು ಆರಾಧನೆಯೋ ಗದ್ದಲವೋ? ಅಪ್ಪ ಕಲಿಸಿದ್ದನ್ನೆಲ್ಲಾ ಮರೆತುಬಿಟ್ಟೆಯಾ?" ಎಂದು ಅಣ್ಣನು ಕೋಪಿಸಿಕೊಂಡನು.

ಪಕ್ಕದ ಮನೆಯವನು ಗೋಡೆಯ ಆಚೆಯಿಂದ ಇದನ್ನು ಕೇಳಿ, "ಈ ಜಗಳವೇ ಬೇಡವೆಂದು ನಾನು ಮನೆಯಲ್ಲೇ ಸತ್ಯವೇದ ಓದಿಕೊಂಡು ಇದ್ದುಬಿಡುತ್ತೇನೆ" ಅಂದನು.

ಈ ಮೂವರಲ್ಲಿ ಯಾರ ಮಾತು ಸರಿ? ಮೂವರೂ ಒಂದೊಂದು ಒಳ್ಳೆಯದನ್ನು ಹಿಡಿದುಕೊಂಡಿದ್ದಾರೆ. ಆದರೂ ಮೂವರೂ ತಪ್ಪಿದ್ದಾರೆ. ಅದು ಹೇಗೆಂಬದನ್ನು ತಿಳುಕೊಳ್ಳಬೇಕಾದರೆ ನಾವು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕು. ಮೊದಲನೆಯದು, ದೇವರು ಒಬ್ಬನೇ ಆಗಿರುವಲ್ಲಿ ಆತನ ಮಕ್ಕಳು ಆತನನ್ನು ಆರಾಧಿಸುವ ಕ್ರಮಗಳು ಇಷ್ಟು ಬೇರೆಬೇರೆಯಾದದ್ದು ಯಾಕೆ? ಎರಡನೆಯದು, ಮನೆಯಲ್ಲಿ ಪ್ರಾರ್ಥನೆ ಮಾಡಬಹುದಾಗಿರುವಾಗ ಸಭೆಯಾಗಿ ಕೂಡಿಬರುವದು ಯಾತಕ್ಕೆ?

1. ಮೊದಲನೆಯ ಸಭೆಯ ಆರಾಧನೆ

ಪಂಚಾಶತ್ತಮ ದಿನದಲ್ಲಿ ಸುಮಾರು ಮೂರು ಸಾವಿರ ಜನರು ಸ್ನಾನದೀಕ್ಷೆಯನ್ನು ಹೊಂದಿದರು. ಆಮೇಲೆ ಅವರು ಏನು ಮಾಡುತ್ತಿದ್ದರೆಂಬದನ್ನು ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದ 42ನೆಯ ವಚನದಲ್ಲಿ ಲೂಕನು ನಾಲ್ಕು ಮಾತುಗಳಲ್ಲಿ ತಿಳಿಸುತ್ತಾನೆ: ಅಪೊಸ್ತಲರ ಉಪದೇಶ, ಅನ್ಯೋನ್ಯತೆ, ರೊಟ್ಟಿ ಮುರಿಯುವದು, ಪ್ರಾರ್ಥನೆ. ಈ ನಾಲ್ಕನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಇವು ಆರಾಧನೆಯೆಂಬ ಮನೆಯ ನಾಲ್ಕು ಕಂಬಗಳು. ಮಾಡಿಗೆ ಹುಲ್ಲು ಹೊದಿಸಿದರೂ ಹೆಂಚು ಹೊದಿಸಿದರೂ ಮನೆಯು ಮನೆಯೇ. ಕಂಬ ಕಿತ್ತರೆ ಮಾತ್ರ ಅದು ನಿಲ್ಲದು.

ಆ ಕಾಲದಲ್ಲಿ ಅವರಿಗೆ ದೇವಾಲಯದ ಕಟ್ಟಡವಿರಲಿಲ್ಲ. ಯೆರೂಸಲೇಮಿನಲ್ಲಿ ಮಾರ್ಕನೆನಿಸಿಕೊಳ್ಳುವ ಯೋಹಾನನ ತಾಯಿಯಾದ ಮರಿಯಳ ಮನೆಯಲ್ಲಿ ಕೂಡಿದರು. ಫಿಲಿಪ್ಪಿಯಲ್ಲಿ ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರಿಗೆ ಪೌಲನು ಸುವಾರ್ತೆಯನ್ನು ಹೇಳಿದನು. ತ್ರೋವದಲ್ಲಿ ವಾರದ ಮೊದಲನೆಯ ದಿನ ಮೇಲಂತಸ್ತಿನ ಕೋಣೆಯಲ್ಲಿ ದೀಪಗಳನ್ನು ಹಚ್ಚಿಕೊಂಡು ರೊಟ್ಟಿ ಮುರಿಯುವದಕ್ಕೆ ಕೂಡಿದ್ದರು. ಪೌಲನು ಮಧ್ಯರಾತ್ರಿಯ ವರೆಗೂ ಪ್ರಸಂಗಿಸಲಾಗಿ ಯೂತಿಖನೆಂಬ ಯೌವನಸ್ಥನು ಕಿಟಕಿಯಲ್ಲಿ ಕೂತಿದ್ದವನು ನಿದ್ರೆಹತ್ತಿ ಕೆಳಗೆ ಬಿದ್ದನು. ದೊಡ್ಡ ಅಪೊಸ್ತಲನ ಪ್ರಸಂಗದಲ್ಲಿಯೂ ನಿದ್ರೆ ಮಾಡಿದವನಿದ್ದನೆಂಬದು ನಮ್ಮ ಉಪದೇಶಿಗಳಿಗೆ ಸ್ವಲ್ಪ ಸಮಾಧಾನವನ್ನು ಕೊಡಬಹುದು.

ಕೊರಿಂಥದ ಸಭೆಯಲ್ಲಿಯಾದರೋ ಒಬ್ಬನು ಕೀರ್ತನೆಯನ್ನು, ಇನ್ನೊಬ್ಬನು ಉಪದೇಶವನ್ನು, ಮತ್ತೊಬ್ಬನು ಪ್ರಕಟನೆಯನ್ನು ತರುತ್ತಿದ್ದನು; ಕೆಲವರು ಅನ್ಯಭಾಷೆಯನ್ನಾಡುತ್ತಿದ್ದರು. ಪೌಲನು ಅವರ ಉತ್ಸಾಹವನ್ನು ನಂದಿಸಲಿಲ್ಲ. ಆದರೆ ಎರಡು ಅಳತೆಗಳನ್ನು ಅವರ ಕೈಯಲ್ಲಿ ಕೊಟ್ಟನು: ಎಲ್ಲವೂ ಸಭೆಯ ಭಕ್ತಿವೃದ್ಧಿಗಾಗಿರಬೇಕು, ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ ನಡೆಯಬೇಕು. ಹೀಗೆ ಅಪೊಸ್ತಲರ ಕಾಲದಲ್ಲಿಯೇ ಒಂದೊಂದು ಊರಿನ ಆರಾಧನೆ ಒಂದೊಂದು ವಿಧವಾಗಿತ್ತು. ಪೌಲನು ಕೊಟ್ಟ ಅಳತೆಗಳು ಮಾತ್ರ ಎಲ್ಲರಿಗೂ ಒಂದೇ.

2. ಹಿಂಸೆಯ ಕಾಲದಲ್ಲಿ ಕೂಡಿಬಂದವರು

ಅಪೊಸ್ತಲರು ತೀರಿಹೋದ ಮೇಲೆ ಸಭೆಯು ಹೇಗೆ ಆರಾಧಿಸಿತೆಂಬದಕ್ಕೆ ಎರಡು ಹಳೆಯ ಸಾಕ್ಷಿಗಳುಂಟು. ಒಂದನ್ನು ಬರೆದವನು ಕ್ರೈಸ್ತನಲ್ಲ. ಕ್ರಿ. ಶ. 112ರ ಸುಮಾರಿಗೆ ಬಿಥೂನ್ಯ ಸೀಮೆಯ ಅಧಿಪತಿಯಾಗಿದ್ದ ಪ್ಲಿನಿಯೆಂಬವನು ಕ್ರೈಸ್ತರನ್ನು ಹಿಡಿದು ವಿಚಾರಿಸಿ, ಚಕ್ರವರ್ತಿಯಾದ ತ್ರಾಯಾನನಿಗೆ ಕಾಗದವನ್ನು ಬರೆದನು. ಅವನಿಗೆ ತಿಳಿದುಬಂದದ್ದೇನಂದರೆ, ಅವರು ಗೊತ್ತುಮಾಡಿದ ಒಂದು ದಿನ ಬೆಳಗಾಗುವದಕ್ಕೆ ಮುಂಚೆ ಕೂಡಿಬಂದು, ಕ್ರಿಸ್ತನನ್ನು ದೇವರೆಂದು ಸರದಿಯಾಗಿ ಹಾಡಿ ಸ್ತುತಿಸಿ, ಕಳ್ಳತನ ವ್ಯಭಿಚಾರಗಳನ್ನು ಮಾಡುವದಿಲ್ಲವೆಂದೂ ಕೊಟ್ಟ ಮಾತಿಗೆ ತಪ್ಪುವದಿಲ್ಲವೆಂದೂ ಪ್ರತಿಜ್ಞೆಮಾಡಿ, ಹೊರಟುಹೋಗಿ, ತಿರಿಗಿ ಊಟಕ್ಕೆ ಕೂಡುತ್ತಿದ್ದರು. ನಿಜವನ್ನು ತಿಳಿಯಬೇಕೆಂದು ಅವನು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿದನು. ಅವರ ಹೆಸರುಗಳನ್ನು ಅವನು ಬರೆದಿಡಲಿಲ್ಲ. ದೇವರ ಪುಸ್ತಕದಲ್ಲಿ ಅವು ಇರುವವೆಂಬದಕ್ಕೆ ಸಂದೇಹವೇ ಇಲ್ಲ.

ಎರಡನೆಯ ಸಾಕ್ಷಿಯು ಯುಸ್ತಿನನೆಂಬ ವಿದ್ವಾಂಸನು. ಇವನು ಸುಮಾರು 155ರಲ್ಲಿ ರೋಮಾಪುರದಲ್ಲಿದ್ದು ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಅರಿಕೆಮಾಡಿ, ಕೆಲವು ವರುಷಗಳ ಮೇಲೆ ರಕ್ತಸಾಕ್ಷಿಯಾಗಿ ಸತ್ತನು. ಅವನು ತಿಳಿಸುವ ಪ್ರಕಾರ, ಆದಿತ್ಯವಾರದಲ್ಲಿ ಪಟ್ಟಣದವರೂ ಹಳ್ಳಿಯವರೂ ಒಂದೇ ಸ್ಥಳದಲ್ಲಿ ಕೂಡುವರು. ಅಪೊಸ್ತಲರ ಬರಹಗಳನ್ನೂ ಪ್ರವಾದಿಗಳ ಗ್ರಂಥಗಳನ್ನೂ ಹೊತ್ತಿರುವ ಮಟ್ಟಿಗೆ ಓದುವರು. ಸಭೆಯ ಅಧ್ಯಕ್ಷನು ಅದನ್ನು ವಿವರಿಸಿ ಬುದ್ಧಿಹೇಳುವನು. ಎಲ್ಲರೂ ಎದ್ದುನಿಂತು ಪ್ರಾರ್ಥಿಸುವರು. ರೊಟ್ಟಿಯನ್ನೂ ನೀರು ಬೆರಸಿದ ದ್ರಾಕ್ಷಾರಸವನ್ನೂ ತರುವರು. ಅಧ್ಯಕ್ಷನು ತನ್ನ ಶಕ್ತ್ಯನುಸಾರ ಸ್ತೋತ್ರಮಾಡಲು ಜನರು ಆಮೆನ್ ಅನ್ನುವರು. ಬಾರದೆ ಇದ್ದವರಿಗೆ ಸಭಾಸೇವಕರು ಅದರ ಪಾಲನ್ನು ತೆಗೆದುಕೊಂಡು ಹೋಗಿ ಕೊಡುವರು. ಇದ್ದವರು ಮನಃಪೂರ್ವಕವಾಗಿ ಕೊಟ್ಟ ಹಣದಿಂದ ತಬ್ಬಲಿಗಳಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರಸ್ಥಳದವರಿಗೂ ಸಹಾಯವಾಗುವದು. ಇದನ್ನು ಓದುವಾಗ ನಮ್ಮ ಆದಿತ್ಯವಾರದ ಆರಾಧನೆಯೇ ಕಣ್ಣ ಮುಂದೆ ಬರುತ್ತದಲ್ಲವೇ? ಸುಮಾರು ಸಾವಿರದ ಎಂಟುನೂರ ಎಪ್ಪತ್ತು ವರುಷಗಳ ಹಿಂದಿನ ಮಾತು ಇದು.

ಇಲ್ಲಿ ಒಕ್ಕಲು ಮಕ್ಕಳು ಗಮನಿಸತಕ್ಕ ಇನ್ನೊಂದು ವಿಷಯವುಂಟು. ಆ ದಿನಗಳಲ್ಲಿ ಆದಿತ್ಯವಾರವು ರಜೆಯ ದಿನವಾಗಿರಲಿಲ್ಲ. 321ರಲ್ಲಿ ಕೊನ್‌ಸ್ಟಂಟೀನ್ ಚಕ್ರವರ್ತಿಯು ನ್ಯಾಯಾಧಿಪತಿಗಳೂ ಪಟ್ಟಣದವರೂ ಕಸಬುದಾರರೂ ಆ ದಿನ ಕೆಲಸವನ್ನು ಬಿಡಬೇಕೆಂದು ಆಜ್ಞಾಪಿಸಿದನು. ಆಗಲೂ ಬಿತ್ತನೆಯ ಹದ ತಪ್ಪಬಾರದೆಂದು ಹೊಲಗೆಲಸದವರಿಗೆ ಮಾತ್ರ ಕೆಲಸ ಮಾಡಲು ಅಪ್ಪಣೆಯಿತ್ತು. ಆದಕಾರಣ ಹಿಂದಿನ ಕಾಲದ ಹಳ್ಳಿಯ ಕ್ರೈಸ್ತರು ಬಿಡುವು ಸಿಕ್ಕಿತೆಂದು ಆರಾಧನೆಗೆ ಬಂದವರಲ್ಲ; ಬಿಡುವು ಮಾಡಿಕೊಂಡು ಬಂದವರು. ದಾಸರಾಗಿದ್ದವರು ಯಜಮಾನನು ಏಳುವದಕ್ಕೆ ಮುಂಚೆ ಕತ್ತಲಲ್ಲಿ ಬಂದರು.

304ರಲ್ಲಿ ದಿಯೊಕ್ಲೇತಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಕ್ರೈಸ್ತರು ಕೂಡಬಾರದೆಂಬ ಆಜ್ಞೆ ಇತ್ತು. ಆಫ್ರಿಕದ ಉತ್ತರ ಭಾಗದ ಅಬಿತಿನ ಎಂಬ ಊರಿನಲ್ಲಿ ಒಂದು ಮನೆಯಲ್ಲಿ ಆರಾಧನೆಗೆ ಕೂಡಿದ್ದ ಸುಮಾರು ಐವತ್ತು ಜನ ಗಂಡಸರೂ ಹೆಂಗಸರೂ ಹಿಡಿಯಲ್ಪಟ್ಟು ಕಾರ್ಥೇಜಿಗೆ ಒಯ್ಯಲ್ಪಟ್ಟರು. ಆಜ್ಞೆಯನ್ನು ಮೀರಿದ್ದು ಯಾಕೆಂದು ಅಧಿಕಾರಿಯು ಕೇಳಿದಾಗ, ಅವರಲ್ಲಿ ಎಮೆರಿತನೆಂಬವನು, ಕರ್ತನ ದಿನದ ಆ ಕೂಟವಿಲ್ಲದೆ ತಾವು ಇರಲಾರೆವೆಂಬ ಭಾವದ ಉತ್ತರವನ್ನು ಕೊಟ್ಟನು. ಮನೆಯಲ್ಲೇ ಒಬ್ಬೊಬ್ಬರಾಗಿ ಪ್ರಾರ್ಥಿಸಿದ್ದರೆ ಯಾರೂ ಅವರನ್ನು ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯವನ ಮಾತಿಗೆ ಇದೇ ಮೊದಲನೆಯ ಉತ್ತರ.

3. ಕ್ರಮಗಳು ಬೇರೆಬೇರೆಯಾದದ್ದು ಹೇಗೆ?

ಸುವಾರ್ತೆಯು ದೇಶದೇಶಗಳಿಗೆ ಹೋದ ಹಾಗೆಲ್ಲಾ ಆಯಾ ಜನರ ಭಾಷೆ, ರಾಗ, ಮರ್ಯಾದೆಗಳನ್ನು ತೊಟ್ಟುಕೊಂಡಿತು. ಇದಲ್ಲದೆ ಸಭೆಯು ಯಾವದಾದರೂ ಒಂದು ಸತ್ಯವನ್ನು ಮರೆತಾಗ ದೇವರು ಅದನ್ನು ನೆನಪಿಗೆ ತರುವ ಜನರನ್ನು ಎಬ್ಬಿಸಿದನು. ಆ ಜನರ ಹೆಸರಿನಲ್ಲಿ ಒಂದೊಂದು ಕ್ರಮವು ಉಳಿಯಿತು.

ಮಲೆಯಾಳ ದೇಶದ ಸುರಿಯಾನಿ ಸಭೆಗಳ ಆರಾಧನೆಯು ಬಹು ಪುರಾತನವಾದದ್ದು. ಅಲ್ಲಿ ಜನರು ಬಹಳ ಹೊತ್ತು ನಿಂತೇ ಇರುವರು. ಧೂಪ, ದೀಪ, ಸರದಿಯ ಹಾಡು ಇವೆಲ್ಲಾ ಉಂಟು. ದೇವರು ಪರಿಶುದ್ಧನು, ಆತನ ಸನ್ನಿಧಿಯಲ್ಲಿ ಭಯಭಕ್ತಿಯಿಂದ ನಿಲ್ಲಬೇಕೆಂಬದನ್ನು ಅವರ ಆರಾಧನೆಯು ಕಲಿಸುತ್ತದೆ.

ರೋಮನ್ ಕಥೋಲಿಕರು ಶತಮಾನಗಳ ವರೆಗೆ ತಮ್ಮ ಪೂಜೆಯನ್ನು ಲತೀನ್ ಭಾಷೆಯಲ್ಲಿ ನಡಿಸಿದರು. ಅರಿಯದ ಭಾಷೆಗೆ ಜನರು ಹೇಗೆ ಆಮೆನ್ ಅಂದಾರೆಂಬ ಅಪೊಸ್ತಲನ ಪ್ರಶ್ನೆಯನ್ನು ಹಿಡಿದು ಮಾರ್ಟಿನ್ ಲೂಥರನು 1526ರಲ್ಲಿ ಜರ್ಮನ್ ಭಾಷೆಯ ಆರಾಧನಾ ಕ್ರಮವನ್ನು ಪ್ರಕಟಿಸಿ, ಜನರೇ ಹಾಡುವಂತೆ ಕೀರ್ತನೆಗಳನ್ನು ಕೊಟ್ಟನು. 1963ರಲ್ಲಿ ವತಿಕಾನಿನ ಎರಡನೆಯ ಮಹಾಸಭೆಯು ಜನರ ಭಾಷೆಗೆ ಬಾಗಿಲು ತೆರೆಯಿತು. ಈಗ ನಮ್ಮ ನಾಡಿನ ಕಥೋಲಿಕರೂ ಕನ್ನಡದಲ್ಲಿ ಆರಾಧಿಸುತ್ತಾರೆ. ಒಬ್ಬರಿಂದ ಒಬ್ಬರು ಕಲಿಯುವದಕ್ಕೆ ಕೆಲವು ಸಾರಿ ನಾನೂರು ವರುಷ ಹಿಡಿಯುತ್ತದೆ!

ಜೆನೀವ ಪಟ್ಟಣದಲ್ಲಿ ಕಲ್ವಿನನ ಸಭೆಯವರು ಅಲಂಕಾರಗಳನ್ನು ತೆಗೆದುಹಾಕಿ, ದೇವರ ವಾಕ್ಯದ ಪ್ರಸಂಗವನ್ನು ಮುಖ್ಯವಾಗಿಟ್ಟು, ದಾವೀದನ ಕೀರ್ತನೆಗಳನ್ನು ಪದ್ಯಗಳಾಗಿ ಮಾಡಿ ಹಾಡಿದರು. ಆ ಕೀರ್ತನೆಗಳ ಸಂಪೂರ್ಣ ಪುಸ್ತಕವು 1562ರಲ್ಲಿ ಹೊರಟಿತು. ಇಂಗ್ಲೆಂಡಿನಲ್ಲಿ 1549ರಲ್ಲಿ ಸಾಮಾನ್ಯ ಪ್ರಾರ್ಥನಾ ಪುಸ್ತಕವು ಮೊದಲು ಪ್ರಕಟವಾಯಿತು. ಪಾದ್ರಿಯ ಬಾಯಲ್ಲಿ ಮಾತ್ರ ಇದ್ದ ಪ್ರಾರ್ಥನೆಯನ್ನು ಒಕ್ಕಲಿಗನೂ ತನ್ನ ಭಾಷೆಯಲ್ಲಿ ಹೇಳುವಂತೆ ಅದು ಮಾಡಿತು. ಪಾಪದ ಅರಿಕೆ, ಕ್ಷಮೆಯ ಮಾತು, ನಂಬಿಕೆಯ ಪ್ರಮಾಣ, ಅರಸನಿಗಾಗಿಯೂ ಬಡವನಿಗಾಗಿಯೂ ಪ್ರಾರ್ಥನೆ, ಇವುಗಳಲ್ಲಿ ಒಂದೂ ಬಿಟ್ಟುಹೋಗದಂತೆ ಪುಸ್ತಕವು ಕಾಯುತ್ತದೆ.

ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸನನ್ನು ಹಿಂಬಾಲಿಸಿದ ಕ್ವೇಕರರು ಪುಸ್ತಕವನ್ನೂ ಹಾಡನ್ನೂ ಬಿಟ್ಟು ಮೌನವಾಗಿ ಕೂತು, ಆತ್ಮನು ಪ್ರೇರಿಸಿದರೆ ಮಾತ್ರ ಮಾತಾಡಿದರು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿಯು ಬೈಲಿನಲ್ಲಿ ಪ್ರಸಂಗಿಸಿದನು. ಅವನ ತಮ್ಮನಾದ ಚಾರ್ಲ್ಸನು ಸಾವಿರಾರು ಕೀರ್ತನೆಗಳನ್ನು ಬರೆದನು. 1742ರಿಂದ ಹತ್ತು ಹನ್ನೆರಡು ಜನರ ಚಿಕ್ಕ ಕೂಟಗಳು ಏರ್ಪಟ್ಟವು. ಆದರೂ ವೆಸ್ಲಿಯು ತನ್ನವರಿಗೆ, ನಿಮ್ಮ ಊರಿನ ದೇವಾಲಯದ ಆರಾಧನೆಯನ್ನೂ ಕರ್ತನ ಭೋಜನವನ್ನೂ ಬಿಡಬೇಡಿರೆಂದು ಬುದ್ಧಿಹೇಳುತ್ತಿದ್ದನು. ನಮ್ಮ ಕಥೆಯ ತಮ್ಮನು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

1865ರಲ್ಲಿ ವಿಲಿಯಂ ಬೂತನು ಲಂಡನಿನ ಬಡವರ ನಡುವೆ ಪ್ರಾರಂಭಿಸಿದ ಸೇವೆಯು ಸಾಲ್ವೇಶನ್ ಆರ್ಮಿ ಆಯಿತು. ಅವರು ದೇವಾಲಯದ ಬಾಗಿಲಿಗೆ ಬಾರದವರನ್ನು ಕರೆಯಲಿಕ್ಕೆ ಬೀದಿಯಲ್ಲಿ ತಮಟೆ ಕಹಳೆಗಳನ್ನು ಬಾರಿಸಿದರು. 1906ರಲ್ಲಿ ಅಮೇರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ, ದಾಸತ್ವದಿಂದ ಬಿಡುಗಡೆಯಾದವರ ಮಗನಾದ ವಿಲಿಯಂ ಸೀಮೋರನು ನಡಿಸಿದ ಕೂಟಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿದರು. ಅಲ್ಲಿಂದ ಪೆಂತೆಕೊಸ್ತ ಸಭೆಗಳು ಲೋಕದ ಎಲ್ಲಾ ಕಡೆಗೂ ಹಬ್ಬಿದವು. ತಮ್ಮನು ಬೆಂಗಳೂರಿನಲ್ಲಿ ಕಲಿತ ಹಾಡೂ ಚಪ್ಪಾಳೆಯೂ ಆ ವಂಶದವು. ಅದನ್ನು ಬರೀ ಗದ್ದಲವೆಂದು ಅಣ್ಣನು ತಳ್ಳಿಬಿಡುವದು ನ್ಯಾಯವಲ್ಲ.

ಹೀಗಿರಲಾಗಿ ಪ್ರತಿಯೊಂದು ಕ್ರಮವೂ ಒಂದು ಒಡವೆಯನ್ನು ಕಾಯುತ್ತದೆ. ಪ್ರತಿಯೊಂದಕ್ಕೂ ಒಂದು ಅಪಾಯವೂ ಉಂಟು. ಪುಸ್ತಕದ ಪ್ರಾರ್ಥನೆಯು ಪಿತೃಗಳ ನಂಬಿಕೆಯನ್ನು ಕಾಯುತ್ತದೆ; ಮನಸ್ಸು ಎಲ್ಲಿಯೋ ಇದ್ದು ತುಟಿಗಳು ಮಾತ್ರ ಆಡುವದು ಅದರ ಅಪಾಯ. ಪ್ರಸಂಗವು ವಾಕ್ಯವನ್ನು ಕಾಯುತ್ತದೆ. ಜನರು ಬರೀ ಕೇಳುವವರಾಗಿ ಕೂತುಬಿಡುವದು ಅದರ ಅಪಾಯ. ಮೌನವು ದೇವರಿಗೆ ಕಿವಿಗೊಡಲು ಕಲಿಸುತ್ತದೆ. ನೆರೆಯವನ ಸ್ವರವೇ ಕೇಳದೆ ಹೋಗುವದು ಅದರ ಅಪಾಯ. ಉತ್ಸಾಹದ ಆರಾಧನೆಯು ರಕ್ಷಣೆಯ ಸಂತೋಷವನ್ನು ಕಾಯುತ್ತದೆ. ಮನುಷ್ಯರ ಕಣ್ಣಿಗೆ ಭಕ್ತರಾಗಿ ಕಾಣಿಸಿಕೊಳ್ಳುವ ಆಶೆಯು ಅದರ ಅಪಾಯ. ಆದಕಾರಣ ಅನ್ಯರ ಕ್ರಮದ ಅಪಾಯವನ್ನು ನಮ್ಮ ಕ್ರಮದ ಒಡವೆಯ ಸಂಗಡ ತೂಗಿನೋಡುವದು ಸುಳ್ಳು ತಕ್ಕಡಿಯಾಗಿದೆ.

4. ನಮ್ಮ ನಾಡಿನಲ್ಲಿ

ಕನ್ನಡ ನಾಡಿಗೆ ಪ್ರೊಟೆಸ್ಟಂಟ್ ಮಿಶನರಿಗಳು ಬೇರೆಬೇರೆ ದಾರಿಗಳಿಂದ ಬಂದರು. 1810ರಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸವನ್ನು ಹಿಡಿದರು. 1821ರಲ್ಲಿ ವೆಸ್ಲಿಯನ್ ಮಿಶನಿನವರು ಬೆಂಗಳೂರಿಗೆ ಬಂದರು. 1834ರಲ್ಲಿ ಬಾಸೆಲ್ ಮಿಶನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ತರುವಾಯ ಬಂದ ಮೊಗ್ಲಿಂಗ್, ವೈಗಲ್ ಮುಂತಾದವರು ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದರು. ಆಂಗ್ಲಿಕನ್ ಸಭೆಯವರೂ ಅಮೇರಿಕದ ಮೆಥೊಡಿಸ್ಟರೂ ಬೇರೆ ಬೇರೆ ಸ್ಥಳಗಳಲ್ಲಿ ಕೆಲಸಮಾಡಿದರು. ಪ್ರತಿಯೊಬ್ಬರೂ ತಾವು ತಾಯಿಯ ಮಡಿಲಲ್ಲಿ ಕಲಿತ ಕ್ರಮವನ್ನೇ ನಮ್ಮ ಅಜ್ಜಂದಿರಿಗೆ ಕಲಿಸಿದರು. ಆದಕಾರಣ ಒಂದು ಊರಿನವರು ಪುಸ್ತಕ ಹಿಡಿದರು, ಇನ್ನೊಂದು ಊರಿನವರು ಪುಸ್ತಕವಿಲ್ಲದೆ ಪ್ರಾರ್ಥಿಸಿದರು. ಜರ್ಮನ್ ರಾಗಗಳಲ್ಲಿ ಕನ್ನಡದ ಮಾತುಗಳು ಹಾಡಲ್ಪಟ್ಟವು. ನಮ್ಮ ದೇಶದ ರಾಗತಾಳಗಳಿಗೂ ಕೀರ್ತನೆಗಳು ಹುಟ್ಟಿದವು.

1947ನೆಯ ಇಸವಿ ಸಪ್ಟಂಬರ್ 27ನೆಯ ತಾರೀಖಿನಲ್ಲಿ ಮದ್ರಾಸಿನ ಸಂತ ಜಾರ್ಜರ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಆಂಗ್ಲಿಕನ್ ಸಭೆಯ ನಾಲ್ಕು ದಕ್ಷಿಣ ಮೇತ್ರಾಸನಗಳು, ದಕ್ಷಿಣ ಭಾರತದ ಮೆಥೊಡಿಸ್ಟ್ ಸಭೆ, 1908ರಲ್ಲಿ ಹುಟ್ಟಿದ ದಕ್ಷಿಣ ಭಾರತ ಐಕ್ಯ ಸಭೆ, ಈ ಮೂರು ಒಂದಾದವು. ಆಗ ಮಾಡಿದ ಒಂದು ಒಪ್ಪಂದವನ್ನು ನಮ್ಮ ಸಭೆಗಳು ಮರೆಯಬಾರದು: ಯಾವ ಸಭೆಗಾದರೂ ರೂಢಿಯಿಲ್ಲದ, ಅಥವಾ ಅದರ ಮನಸ್ಸಾಕ್ಷಿಗೆ ಒಪ್ಪದ ಆರಾಧನಾ ಕ್ರಮವನ್ನು ಬಲವಂತದಿಂದ ಹೇರತಕ್ಕದ್ದಲ್ಲ. ಐಕ್ಯವೆಂದರೆ ಎಲ್ಲರೂ ಒಂದೇ ಅಳತೆಯ ಅಂಗಿಯನ್ನು ತೊಡುವದಲ್ಲವೆಂದು ಹಿರಿಯರು ತಿಳಿದಿದ್ದರು.

1950ರಲ್ಲಿ ಹೊಸ ಸಭೆಯು ಕರ್ತನ ಭೋಜನಕ್ಕೆ ತನ್ನದೇ ಆದ ಕ್ರಮವನ್ನು ಸಿದ್ಧಪಡಿಸಿತು. ಅದರಲ್ಲಿ ಬೋಧಕರು ಮೇಜಿನ ಹಿಂದೆ ಜನರ ಕಡೆಗೆ ಮುಖಮಾಡಿ ನಿಲ್ಲುವರು. ಸಮಾಧಾನದ ವಂದನೆಯು ಮೇಜಿನಿಂದ ಹೊರಟು ಕೈಯಿಂದ ಕೈಗೆ ದಾಟಿ ಕೊನೆಯ ಸಾಲಿನ ಮುದುಕಿಯ ವರೆಗೂ ಬರುವದು. ಇದು ಸುರಿಯಾನಿ ಸಭೆಗಳಿಂದ ಕಲಿತದ್ದು. ಮೇಲುಜಾತಿ ಕೀಳುಜಾತಿಯೆಂದು ಮುಟ್ಟದೆ ಇದ್ದ ದೇಶದಲ್ಲಿ ಒಬ್ಬನ ಎರಡು ಅಂಗೈಗಳ ನಡುವೆ ಇನ್ನೊಬ್ಬನ ಕೈಗಳು ಇಡಲ್ಪಡುವದು ಸಣ್ಣ ಸಂಗತಿಯಲ್ಲ. ಆ ಕೈಗಳನ್ನು ಚಾಚಬೇಕಾದರೆ ಪಕ್ಕದಲ್ಲಿ ಒಬ್ಬನು ಬಂದು ಕೂತಿರಬೇಕು. ಮನೆಯಲ್ಲಿ ಒಬ್ಬನೇ ಕೂತವನು ಸಮಾಧಾನವನ್ನು ಯಾರ ಕೈಯಿಂದ ತೆಗೆದುಕೊಂಡಾನು, ಯಾರಿಗೆ ಕೊಟ್ಟಾನು?

5. ಬಾರದೆ ಇರುವವರ ನೆವಗಳು

"ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇನೆ." ಒಳ್ಳೇದು, ಮಾಡಿರಿ, ಅದನ್ನು ಬಿಡಬೇಡಿರಿ. ಆದರೆ ಮುಯ್ಯಾಳಿನ ಪದ್ಧತಿಯನ್ನು ನೀವು ಬಲ್ಲಿರಿ. ನಾಟಿಯ ಕಾಲದಲ್ಲಿ ಈ ದಿನ ನಾನು ನಿನ್ನ ಗದ್ದೆಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬರುತ್ತೀ. ನನ್ನ ಗದ್ದೆಯನ್ನು ನಾನೇ ನೋಡಿಕೊಳ್ಳುತ್ತೇನೆಂದು ಮನೆಯಲ್ಲಿ ಕೂತವನಿಗೆ ಮಳೆ ಬಂದ ದಿನ ಆಳು ಸಿಕ್ಕುವದಿಲ್ಲ. ಆರಾಧನೆಯೂ ಹಾಗೆಯೇ. ಈ ವಾರ ನಿನ್ನ ನಂಬಿಕೆ ಗಟ್ಟಿಯಾಗಿರಬಹುದು. ನಿನ್ನ ಪಕ್ಕದಲ್ಲಿರುವ ವಿಧವೆಯು ದುಃಖದಿಂದ ಬಾಯಿ ತೆರೆಯಲಾರದೆ ಇರುವಾಗ ನಿನ್ನ ಹಾಡು ಅವಳ ಹಾಡಾಗುವದು. ಮುಂದಿನ ವಾರ ನಿನಗೆ ಕಷ್ಟ ಬಂದಾಗ ಅವಳ ಆಮೆನ್ ನಿನ್ನನ್ನು ಎತ್ತಿಹಿಡಿಯುವದು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ಕೂಡಿಬರುವದನ್ನು ಕೆಲವರು ಬಿಟ್ಟಹಾಗೆ ಬಿಡಬಾರದೆಂದು ಹೇಳುವ ಅಪೊಸ್ತಲಿಕ ಬುದ್ಧಿಯು, ಒಬ್ಬರನ್ನೊಬ್ಬರು ಪ್ರೇಮಕ್ಕೂ ಸತ್ಕಾರ್ಯಕ್ಕೂ ಪ್ರೇರಿಸಬೇಕೆಂಬ ಮಾತಿನೊಡನೆ ಕೂಡಿಬಂದಿದೆ.

"ಮೊಬೈಲಿನಲ್ಲಿ ದೊಡ್ಡ ಬೋಧಕರ ಪ್ರಸಂಗವನ್ನು ಕೇಳುತ್ತೇನೆ." 2020ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇವಾಲಯಗಳ ಬಾಗಿಲು ಮುಚ್ಚಿದಾಗ ಅದು ಅನೇಕರಿಗೆ ಆಸರೆಯಾಯಿತು, ಹಾಸಿಗೆ ಹಿಡಿದವರಿಗೆ ಈಗಲೂ ಆಗಿದೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಬಾಗಿಲು ತೆರೆದ ಮೇಲೂ ಕೆಲವರು ತಿರಿಗಿ ಬರಲಿಲ್ಲ. ದೂರದ ಬೋಧಕರು ನಿಮ್ಮ ಹೆಸರನ್ನು ಅರಿಯರು. ನೀವು ಮೂರು ವಾರ ಕಾಣಿಸದಿದ್ದರೆ ನಿಮ್ಮ ಬಾಗಿಲನ್ನು ತಟ್ಟಲಾರರು.

"ಉಪದೇಶಿಯು ಚಿಕ್ಕವನು, ಅವನ ಪ್ರಸಂಗದಲ್ಲಿ ಸಾರವಿಲ್ಲ." ಹಾಗಾದರೆ ಅವನಿಗಾಗಿ ಶನಿವಾರ ಸಾಯಂಕಾಲ ಪ್ರಾರ್ಥಿಸಿದ್ದೀರಾ? ಖಾಲಿ ಬೆಂಚುಗಳಿಗೆ ಪ್ರಸಂಗಿಸುವವನ ನಾಲಿಗೆಯು ಒಣಗುವದು ಸಹಜವೇ. ಇದಲ್ಲದೆ ಪ್ರಸಂಗವು ನಾಲ್ಕು ಕಂಬಗಳಲ್ಲಿ ಒಂದು ಮಾತ್ರ.

"ಆ ಮನೆಯವರು ಅಲ್ಲಿ ಬರುತ್ತಾರೆ, ಅವರ ಮುಖವನ್ನು ನೋಡಲಾರೆ." ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗಬೇಕೆಂದು ಯೇಸು ಸ್ವಾಮಿಯು ಮತ್ತಾಯ 5ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಜಗಳವಿದೆಯೆಂದು ಮನೆಗೆ ಹೋಗಿ ಕೂತುಬಿಡಲು ಆತನು ಹೇಳಲಿಲ್ಲ.

"ಒಳ್ಳೇ ಬಟ್ಟೆಯಿಲ್ಲ, ಕಾಣಿಕೆಗೆ ಕಾಸಿಲ್ಲ." ಇದು ನೆವವಲ್ಲ, ನೋವು. ಇದಕ್ಕೆ ಉತ್ತರ ಕೊಡಬೇಕಾದವರು ಒಳಗೆ ಕೂತಿರುವವರೇ. ಹೊಳೆಯುವ ಬಟ್ಟೆಯವನಿಗೆ ಮುಂದಿನ ಸ್ಥಳವನ್ನೂ ಬಡವನಿಗೆ ಕಾಲ ಬಳಿಯ ಸ್ಥಳವನ್ನೂ ತೋರಿಸುವ ಸಭೆಯನ್ನು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಸಭಾಹಿರಿಯರು ಅದನ್ನು ಗಟ್ಟಿಯಾಗಿ ಓದಿಸಲಿ.

ರೋಗಿಗಳೂ, ಹಸುಗೂಸುಗಳ ತಾಯಂದಿರೂ, ದಣಿಗಳು ಬಿಡದೆ ಇರುವ ಕೂಲಿಯವರೂ ಬಾರದೆ ಹೋದರೆ ಯಾರೂ ಅವರ ಮೇಲೆ ತಪ್ಪು ಹೊರಿಸಬಾರದು. ಯುಸ್ತಿನನ ಕಾಲದ ಸಭೆಯು ಅಂಥವರಿಗೆ ಪಾಲನ್ನು ಕಳುಹಿಸುತ್ತಿತ್ತು. ನಮ್ಮ ಸಭೆಯು ಏನನ್ನು ಕಳುಹಿಸುತ್ತದೆ?

6. ಬರತಕ್ಕ ರೀತಿ

ಗಂಟೆಗೆ ಮುಂಚೆ ಬಂದು ಸ್ವಲ್ಪ ಹೊತ್ತು ಮೌನವಾಗಿ ಕೂತುಕೊಳ್ಳಿರಿ. ಓದಬಲ್ಲವರು ಶನಿವಾರ ರಾತ್ರಿಯೇ ವೇದಭಾಗವನ್ನು ಮನೆಯವರಿಗೆ ಓದಿ ಕೇಳಿಸಿರಿ. ಓದಲು ಬಾರದವರು ಕರ್ತನ ಪ್ರಾರ್ಥನೆ, ನಂಬಿಕೆಯ ಪ್ರಮಾಣ, ಎರಡು ಮೂರು ಕೀರ್ತನೆಗಳು, ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಪುಸ್ತಕವಿಲ್ಲದೆಯೂ ಪೂರ್ಣ ಪಾಲುಗಾರರಾಗುವರು. ಆಮೆನ್ ಎಂಬ ಮಾತನ್ನು ಗಟ್ಟಿಯಾಗಿ ಹೇಳಿರಿ. ಅದು ಬೋಧಕರ ಪಾಲಲ್ಲ, ನಿಮ್ಮ ಪಾಲು.

ಕೆಲಸದ ನಿಮಿತ್ತ ಬೇರೆ ಊರಿಗೆ ಹೋದಾಗ ಅಲ್ಲಿಯ ಆರಾಧನೆಗೆ ಹೋಗಿರಿ. ಅವರು ನಿಂತರೆ ನಿಲ್ಲಿರಿ, ಮೊಣಕಾಲೂರಿದರೆ ಊರಿರಿ. ಕಾಣದ್ದನ್ನು ಕಂಡು ನಗಬೇಡಿರಿ. ಕೆಲವು ಸಭೆಗಳು ಕರ್ತನ ಭೋಜನವನ್ನು ತಮ್ಮ ಸಭಿಕರಿಗೆ ಮಾತ್ರ ಕೊಡುತ್ತವಾದ್ದರಿಂದ ಮುಂದಾಗಿಯೇ ವಿಚಾರಿಸಿಕೊಳ್ಳಿರಿ. ಅಲ್ಲಿ ಸತ್ಯವೇದಕ್ಕೆ ಒಪ್ಪುವ ಒಳ್ಳೇದನ್ನು ಕಂಡರೆ ಅದನ್ನು ಬಿತ್ತನೆಯ ಬೀಜದಂತೆ ಊರಿಗೆ ತನ್ನಿರಿ. ತಾಯಿಯ ಮನೆಯನ್ನು ಹಳಿಯುವದಕ್ಕೆ ಕಲ್ಲಾಗಿ ತರಬೇಡಿರಿ.

ಆ ಅಣ್ಣತಮ್ಮಂದಿರ ಕಡೆಗೆ ತಿರಿಗಿ ಬರೋಣ. ಅವರ ಮಾತು ಮುಗಿಯುವ ತನಕ ಅವರ ತಾಯಿಯು ಒಳಗೆ ರಾಗಿ ಬೀಸುತ್ತಾ ಕೇಳುತ್ತಿದ್ದಳು. ಅವಳು ಅಕ್ಷರ ಬಾರದವಳು. ಕೈಯನ್ನು ಸೆರಗಿಗೆ ಒರಸಿಕೊಂಡು ಹೊರಗೆ ಬಂದು, "ಮಕ್ಕಳಿರಾ, ನಿಮ್ಮ ಅಪ್ಪ ತೀರಿಹೋದ ದಿನ ನಮ್ಮ ನಂಟರು ಒಬ್ಬರೂ ಬರಲಿಲ್ಲ. ಗುಂಡಿ ತೋಡಿದವರೂ ಹೊತ್ತವರೂ ಆದಿತ್ಯವಾರ ಅಪ್ಪನ ಪಕ್ಕದಲ್ಲಿ ಕೂತುಕೊಳ್ಳುತ್ತಿದ್ದ ಆರು ಮನೆಯವರೇ. ಅವರಲ್ಲಿ ಯಾರಿಗೆ ಹಾಡು ಬರುತ್ತಿತ್ತು, ಯಾರಿಗೆ ಓದು ಬರುತ್ತಿತ್ತು ಎಂದು ನಾನು ಆ ದಿನ ಕೇಳಲಿಲ್ಲ. ಈಗ ಏಳಿರಿ, ಎರಡನೆಯ ಗಂಟೆ ಆಗುತ್ತಿದೆ" ಅಂದಳು. ತಮ್ಮನು ಎದ್ದು ಅಣ್ಣನ ಹಿಂದೆ ಹೋದನು. ದಾರಿಯಲ್ಲಿ ಅಣ್ಣನು ಪಕ್ಕದ ಮನೆಯ ಬಾಗಿಲ ಬಳಿ ನಿಂತು ಹೆಸರು ಹಿಡಿದು ಕೂಗಿದನು.

ಪ್ರಿಯರೇ, ಆರು ಮನೆಗಳ ಸಭೆಯಲ್ಲಿ ಎರಡು ಮನೆಗಳು ಬಾರದೆ ಇದ್ದರೆ ಮೂರರಲ್ಲಿ ಒಂದು ಪಾಲು ಸಭೆಯು ಇಲ್ಲದೆ ಹೋಯಿತು. ಆದಕಾರಣ ಮುಂದಿನ ಆದಿತ್ಯವಾರ ನೀವು ಬರ್ರಿ. ಬರುವಾಗ ಒಂದು ಬಾಗಿಲಲ್ಲಿ ನಿಂತು ಒಬ್ಬನನ್ನು ಕರೆದುಕೊಂಡು ಬರ್ರಿ.

ಪ್ರಶ್ನೆಗಳು

1. ಮೊದಲನೆಯ ಸಭೆಯವರು ನಿರತರಾಗಿದ್ದ ನಾಲ್ಕು ಸಂಗತಿಗಳು ಯಾವವು? ನಮ್ಮ ಸಭೆಯಲ್ಲಿ ಅವುಗಳಲ್ಲಿ ಯಾವದು ಬಲಹೀನವಾಗಿದೆ?
2. ಆರಾಧನೆಯನ್ನು ಅಳೆಯಲು ಪೌಲನು ಕೊರಿಂಥದವರಿಗೆ ಕೊಟ್ಟ ಎರಡು ಅಳತೆಗಳು ಯಾವವು?
3. ಸುಮಾರು 155ರಲ್ಲಿ ರೋಮಾಪುರದ ಕ್ರೈಸ್ತರು ಆದಿತ್ಯವಾರದಲ್ಲಿ ಏನೇನು ಮಾಡುತ್ತಿದ್ದರು?
4. ನಮ್ಮದಲ್ಲದ ಒಂದು ಆರಾಧನಾ ಕ್ರಮವನ್ನು ಹೆಸರಿಸಿ, ಅದು ಯಾವ ಒಡವೆಯನ್ನು ಕಾಯುತ್ತದೆಂದು ಹೇಳಿರಿ.
5. 1947ರ ಐಕ್ಯದಲ್ಲಿ ಆರಾಧನೆಯ ವಿಷಯವಾಗಿ ಮಾಡಿದ ಒಪ್ಪಂದವೇನು?
6. ಕಳೆದ ಮೂರು ವಾರಗಳಿಂದ ನಮ್ಮ ಸಭೆಗೆ ಬಾರದವರು ಯಾರು? ಈ ವಾರ ಅವರನ್ನು ನೋಡಲು ಯಾರು ಹೋಗುವರು?